ಎಡಕ್ಕೆ ಬಳಸಿದ ಹೆಜ್ಜೆಗಳು

“ಇಲ್ಲಿ ಕಾಲು ಉದ್ದ ಹಾಕು,” ಎಂದ ತಿಯೋಡುಲ್, ತಿರುಗಿಯೂ ನೋಡದೆ.

ಹಾಕಿದೆ. ಅರವತ್ತು ದಾಟಿದ ಸೊಂಟ ಒಮ್ಮೆ ಗೊಣಗಿ ಸುಮ್ಮನಾಯಿತು. ನಾನು ದಾಟುವಾಗ ಅವನು ನಮ್ಮಿಬ್ಬರ ನಡುವಿನ ಹಗ್ಗವನ್ನು ಒಂದಿಷ್ಟು ಸಡಿಲ ಬಿಟ್ಟ. ದಾಟಿದೊಡನೆ ಮೆಲ್ಲಗೆ ಎಳೆದುಕೊಂಡ. ಅವನು ಯಾವಾಗಲೂ ಹಾಗೆ. ಹಿಂದೆ ಬರುವವರ ಉಸಿರನ್ನು ಬೆನ್ನಿನಲ್ಲಿಯೇ ಕೇಳಿಸಿಕೊಳ್ಳುತ್ತಾನೆ.

ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ನನಗೆ ಅನುಮಾನ ಬಂತು.

“ಸ್ವಲ್ಪ ನಿಲ್ಲು ಮಾರಾಯ. ಬೂಟಿನ ಮುಳ್ಳು ಸಡಿಲ ಆಗಿದೆ.”

“ಬೆಳಗ್ಗೆ ನಾನೇ ಬಿಗಿದು ಕೊಟ್ಟಿದ್ನಲ್ಲೇ?”

“ನೀನು ಬಿಗಿದದ್ದೂ ಸಡಿಲ ಆಗಬಾರದಾ?”

ಅವನು ನಕ್ಕು ಹಿಮಗೊಡಲಿಯ ಮೇಲೆ ಭಾರ ಹಾಕಿ ನಿಂತ. ನಾನು ಬಗ್ಗಿ, ಹಿಂದಕ್ಕೆ ಊರುಗೋಲು ಚಾಚಿ, ಈಗ ತಾನೇ ದಾಟಿದ ಜಾಗವನ್ನು ಚುಚ್ಚಿದೆ. ಮೇಲೆ ಮೊನ್ನೆ ಬಿದ್ದ ಹೊಸ ಹಿಮ. ಇಸ್ತ್ರಿ ಮಾಡಿದ ದುಪ್ಪಟಿಯ ಹಾಗೆ ಒಂದು ಗೆರೆಯೂ ಇಲ್ಲ. ಒಂದು ಗೇಣು ಕೋಲು ತಡೆಯುತ್ತ ಹೋಯಿತು. ಆಮೇಲೆ ತಡೆಯಲೇ ಇಲ್ಲ. ಹಿಡಿಯವರೆಗೂ ಇಳಿಯಿತು.

ಕೆಳಗೆ ಪೊಳ್ಳು. ಕಣ್ಣಿಗೆ ಕಾಣದ, ಇಕ್ಕಟ್ಟಾದ ಬಿರುಕು. ಉದ್ದನೆಯ ಒಂದು ಹೆಜ್ಜೆಯ ಅಗಲ.

ಈ ಬೇಸಿಗೆಯಲ್ಲಿ ಹಿಮನದಿಗೆ ಕಾಲೇ ಇಟ್ಟಿಲ್ಲ ಎಂದು ಪ್ರಮಾಣ ಮಾಡಿದವನಿಗೆ, ಕೋಲಿನಿಂದ ತಡಕದೆ, ನಿಂತು ನೋಡದೆ, ಇದು ಹೇಗೆ ಗೊತ್ತಾಯಿತು?

ಈ ಪ್ರಶ್ನೆಯ ಹಿಂದೆ ಒಂದು ಸಾವಿದೆ: ನನ್ನ ತಮ್ಮ ಪಿರ್ಮಿನ್ ಇದೇ ಹಿಮನದಿಯ ಬಿರುಕಿಗೆ ಬಿದ್ದು ಸತ್ತಿದ್ದ; ಹಿಮದ ಮೇಲೆ ದಾರಿ ತೋರಿಸುವ ಕೋಲುಗಳನ್ನು ಬಿರುಕಿನ ಮೇಲೆಯೇ ನೆಟ್ಟು ಆ ಸಾವಿಗೆ ಕಾರಣನಾದನೆಂದು ಕಮಿಲ್‌ನನ್ನು ಸೋಮವಾರ ಸರ್ಕಾರಿ ವಕೀಲರ ಮುಂದೆ ನಿಲ್ಲಿಸಲಿದ್ದಾರೆ.

ಕಮಿಲ್ ಮಗುವಾಗಿದ್ದಾಗ ಜ್ಞಾನಸ್ನಾನದ ತೊಟ್ಟಿಯ ಮುಂದೆ ಅವನನ್ನು ಎತ್ತಿ ಹಿಡಿದವಳು ನಾನು. ತಾಯಿ ಹೋದ ಮೇಲೆ ಅವನಿಗೆ ಅತ್ತೆಯೂ ನಾನೇ, ಅಮ್ಮನೂ ನಾನೇ. ಈಗ ಬೆಟ್ಟದ ಮಾರ್ಗದರ್ಶಿ. ಟೆಲ್ಲಿಹಾರ್ನ್ ಶಿಖರಕ್ಕೆ ಹೋಗುವ ಹಿಮದ ದಾರಿಯಲ್ಲಿ ಕೋಲು ನೆಡುವ ಕೆಲಸವನ್ನು ಮಾರ್ಗದರ್ಶಿಗಳ ಸಂಘ ಈ ವರ್ಷ ಮೊದಲ ಸಲ ಅವನಿಗೆ ವಹಿಸಿತ್ತು.

ನಮ್ಮ ಕಣಿವೆಯಲ್ಲಿ ಟೆಲ್ಲಿಹಾರ್ನ್‌ಗೆ ಅಜ್ಜಿಗುಡ್ಡ ಎಂದೇ ಹೆಸರು. ನಾಲ್ಕು ಸಾವಿರ ಮೀಟರು ದಾಟಿದ ಶಿಖರವೇನೋ ಹೌದು. ಆದರೆ ದಾರಿಯಲ್ಲಿ ಬಂಡೆ ಹತ್ತುವಂಥದ್ದಿಲ್ಲ, ಎಡವುವಂಥದ್ದಿಲ್ಲ. ತಂಗುಮನೆಯಿಂದ ಹಿಮನದಿಯ ಮೇಲೆ ನಡೆಯುತ್ತ ಹೋದರೆ ಸಾಕು. ಕೋಲುಗಳು ಸರಿಯಾದ ಜಾಗದಲ್ಲಿದ್ದರೆ ಅಷ್ಟೇ.

ಕಮಿಲ್ ಪೊಲೀಸರಿಗೆ ಹೇಳಿದ್ದು ಇಷ್ಟು. “ನಾನು ಕೋಲು ನೆಟ್ಟಿದ್ದು ಎಡಗಡೆ, ಬಳಸಿಕೊಂಡು ಹೋಗೋ ಹಾಗೆ. ಆ ದಾರೀಲಿ ಒಂದೇ ಒಂದು ಬಿರುಕು, ಉದ್ದ ಹೆಜ್ಜೆ ಹಾಕಿದ್ರೆ ಮುಗೀತು. ಯಾರೋ ಅದನ್ನ ಕಿತ್ತು ನೇರಕ್ಕೆ, ದೊಡ್ಡ ಬಿರುಕಿನ ಮೇಲೇ ನೆಟ್ಟಿದ್ದಾರೆ.”

ಯಾರೂ ನಂಬಲಿಲ್ಲ. ಪಿರ್ಮಿನ್‌ನ ದೇಹ ಸಿಕ್ಕಿದ ದಿನ ಕೋಲುಗಳು ನೇರ ದಾರಿಯಲ್ಲೇ ಇದ್ದವು. ಎಲ್ಲಕ್ಕಿಂತ ಮಿಗಿಲಾಗಿ, ನಮಗೆಲ್ಲ ಹಿಮದ ಮೇಲೆ ನಡೆಯಲು ಕಲಿಸಿದ ಹಿರಿಯ ಮಾರ್ಗದರ್ಶಿ ತಿಯೋಡುಲ್ ಸಾಕ್ಷಿ ಹೇಳಿದ್ದ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಬೇಸಿಗೆಯೆಲ್ಲ ಕಿಟಕಿಯ ಪಕ್ಕ ದೂರದರ್ಶಕ ಇಟ್ಟುಕೊಂಡು ಕುಳಿತವನು ಅವನು. “ಮೊದಲ ದಿನದಿಂದ ಕೋಲುಗಳು ನೇರದಾರೀಲೇ ಇದ್ದವು. ಎಡದಾರಿ ಅನ್ನೋದು ಇರಲೇ ಇಲ್ಲ.” ಕಣಿವೆಯಲ್ಲಿ ತಿಯೋಡುಲ್‌ನ ಮಾತನ್ನು ಯಾರು ತೆಗೆದುಹಾಕುತ್ತಾರೆ? ನಾನೂ ತೆಗೆದುಹಾಕಲಿಲ್ಲ. ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡುತ್ತಲೇ ಮುದುಕಿಯಾದ ನಾನು, ಕಮಿಲ್ ಎಲ್ಲೋ ತಪ್ಪು ನೆನಪಿಟ್ಟುಕೊಂಡಿದ್ದಾನೆ ಅಂದುಕೊಂಡೆ. ಜಾಗ ನೋಡಲು ನನ್ನನ್ನು ಕರೆದುಕೊಂಡು ಹೋಗು ಎಂದು ತಿಯೋಡುಲ್‌ನನ್ನೇ ಕೇಳಿಕೊಂಡೆ.

ಅವನು ಮಂಡಿ ನೀವಿಕೊಂಡು, “ಆಗಲಿ ಕಣೆ, ಡಾಕ್ಟರು ನಡೀಬಹುದು ಅಂದಿದಾರೆ,” ಎಂದಿದ್ದ.

“ಆಯ್ತಾ?” ಈಗ ಅವನು ಕೇಳಿದ.

“ಆಗ್ತಾ ಬಂತು.”

ಊರುಗೋಲನ್ನು ಮೇಲಕ್ಕೆಳೆಯುವಾಗ ತುದಿಗೆ ಏನೋ ತಗುಲಿತು. ಬಿರುಕಿನ ಈಚೆಯ ದಡದಲ್ಲಿ, ಹೊಸ ಹಿಮದ ಅಡಿಯಲ್ಲಿ. ಕೈಗವಸಿನಿಂದ ಕೆದಕಿದೆ. ಗಟ್ಟಿ ಹಿಮದಲ್ಲಿ ಹೂತಿದ್ದ ಮರದ ತುಂಡು. ಬುಡ ಒಳಗುಳಿದು ಮುರಿದ ದಾರಿಕೋಲು. ಸೀಳಿಗೆ ಸಿಕ್ಕಿಕೊಂಡು ಒಂದು ಎಳೆ ಬಟ್ಟೆ. ಕೆಂಪು ಬಿಳಿ ಚೌಕಳಿ.

ಆ ಚೌಕಳಿ ನನಗೆ ಗೊತ್ತು. ತಂಗುಮನೆ ನಡೆಸುವ ಸಲೋಮೆ ಈ ವಸಂತದಲ್ಲಿ ದಿಂಬಿನ ಹಳೆಯ ಗವಸುಗಳನ್ನೆಲ್ಲ ಹರಿದು, ಅಂಚು ಬಿಚ್ಚಿಕೊಳ್ಳದ ಹಾಗೆ ಹೊಲಿದು, ಕೋಲುಗಳಿಗೆ ಕಟ್ಟಲು ಕಮಿಲ್‌ಗೆ ಕೊಟ್ಟಿದ್ದಳು. ಮೊದಲ ಕೆಲಸ, ಚೆನ್ನಾಗಿ ಕಾಣಲಿ ಎಂದು. ಹಿಂದಿನ ಯಾವ ವರ್ಷದ ಕೋಲಿಗೂ ಆ ಬಟ್ಟೆ ಇರಲಿಲ್ಲ.

ಹಾಗಾದರೆ ಕಮಿಲ್‌ನ ಕೋಲು ಇಲ್ಲಿತ್ತು. ಎಡದಾರಿ ಇತ್ತು. ಕೀಳುವವರ ಕೈಯಲ್ಲಿ ಇದೊಂದು ಮುರಿದು ಉಳಿದಿತ್ತು.

ಆ ಎಳೆಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು ಎದ್ದೆ. ತಿಯೋಡುಲ್ ನನ್ನ ಮುಖ ನೋಡಿದ.

“ಯಾಕೆ, ಬಿಳುಚಿಕೊಂಡಿದೀಯ? ಚಾ ಕುಡೀತೀಯಾ?”

“ಬೇಡ. ನಡಿ.”

ಹಗ್ಗದಲ್ಲಿರುವಾಗ ಜಗಳವಾಡಬಾರದು. ಇದು ನಮ್ಮ ಕಣಿವೆಯ ಹಳೆಯ ಕಟ್ಟಳೆ. ಗಂಡ ಹೆಂಡತಿ ಕೂಡ ಮುನಿಸನ್ನು ಬಂಡೆಯ ಮೇಲೆ ಇಳಿಸಿ ಹಗ್ಗ ಕಟ್ಟಿಕೊಳ್ಳುತ್ತಾರೆ, ಕೆಳಗೆ ಬಂದ ಮೇಲೆ ಮತ್ತೆ ಎತ್ತಿಕೊಳ್ಳುತ್ತಾರೆ. ನಾನೂ ಬಾಯಿ ಮುಚ್ಚಿಕೊಂಡು ನಡೆದೆ.

ಬಲಗಡೆ, ದೂರದಲ್ಲಿ, ಪಿರ್ಮಿನ್ ಬಿದ್ದ ಬಾಯಿ ಕಪ್ಪಗೆ ತೆರೆದಿತ್ತು. ಅದರ ಆಚೆ, ರಕ್ಷಣಾ ದಳದವರು ಬಳಸು ದಾರಿಗೆಂದು ನೆಟ್ಟ ಹಳದಿ ಬಾವುಟಗಳು. ದಾರಿ ಗೊತ್ತಿಲ್ಲದ ಯಾರೇ ಆದರೂ ಆ ಬಾವುಟಗಳನ್ನು ಹಿಡಿದು ಬಲಕ್ಕೆ ಹೋಗಬೇಕಿತ್ತು. ತಿಯೋಡುಲ್ ಎಡಕ್ಕೆ ಬಂದಿದ್ದ. ಯಾಕೆಂದು ಕೇಳುವ ಅಗತ್ಯವೂ ನನಗಿರಲಿಲ್ಲ. ಬಲಗಡೆ ಕಡಿದಾದ ಇಳಿಜಾರು. ಓರೆಯಾಗಿ ನಡೆದರೆ ನನ್ನ ಸೊಂಟ ನೋಯುತ್ತದೆಂದು ಅವನಿಗೆ ಗೊತ್ತು.

ಅವನ ಒಳ್ಳೆಯತನವೇ ಅವನನ್ನು ಹಿಡಿದುಕೊಟ್ಟಿತ್ತು. ಅದು ನನಗೆ ಸಂತೋಷ ಕೊಡಬೇಕಿತ್ತು, ಕಮಿಲ್‌ನ ಸಲುವಾಗಿ. ಕೊಡಲಿಲ್ಲ.

ಶಿಖರದ ಮೇಲೆ ಗಾಳಿಯಿತ್ತು, ಬಿಸಿಲೂ ಇತ್ತು. ಮರದ ಶಿಲುಬೆಯ ಬುಡದಲ್ಲಿ ನಾಲ್ಕು ಜನ ಕೂರುವಷ್ಟು ಸಮತಟ್ಟು. ನಾನು ಮೊದಲು ಹಗ್ಗ ಬಿಚ್ಚಿದೆ.

ತಿಯೋಡುಲ್ ಕೈಗವಸು ತೆಗೆದು ಕೈ ಚಾಚಿದ. ತುದಿ ತಲುಪಿದವರು ಕೈ ಕುಲುಕುತ್ತಾರೆ, ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ನಾನು ಹದಿನಾರರ ಹುಡುಗಿಯಾಗಿದ್ದಾಗ ಇಲ್ಲಿಯೇ, ಇದೇ ಕೈ ಹಿಡಿದು, ಅಳುತ್ತ ನಕ್ಕಿದ್ದೆ.

ಈಗ ನನ್ನ ಕೈ ಜೇಬಿನಲ್ಲೇ ಇತ್ತು.

“ಕೈ ಕೊಡಲ್ವೇನೆ?” ಎಂದ. “ಅಜ್ಜಿಗುಡ್ಡ ಅಂತ ಸಸಾರನಾ? ಅಜ್ಜಿ ಆದ ಮೇಲೆ ಹತ್ತಿದ್ರೆ ಇದೂ ದೊಡ್ಡದೇ ಕಣೆ.”

“ತಿಯೋಡುಲ್, ಆ ಬಿರುಕು ಅಲ್ಲಿದೆ ಅಂತ ನಿನಗೆ ಯಾರು ಹೇಳಿದ್ರು?”

“ಯಾವ ಬಿರುಕು?”

“‘ಕಾಲು ಉದ್ದ ಹಾಕು’ ಅಂದೆಯಲ್ಲ, ಅದು.”

ಅವನ ಕೈ ಗಾಳಿಯಲ್ಲೇ ಒಂದು ಗಳಿಗೆ ನಿಂತು, ಕೆಳಗಿಳಿಯಿತು.

“ಇಷ್ಟು ವರ್ಷ ನಡೆದವನಿಗೆ ಅಷ್ಟೂ ಗೊತ್ತಾಗಲ್ವಾ? ಹಿಮದ ಬಣ್ಣ ನೋಡಿದ್ರೆ...”

“ಹೊಸ ಹಿಮಕ್ಕೆ ಬಣ್ಣ ಎಲ್ಲಿಂದ ಬಂತು? ಹೋದ ವರ್ಷದ ಬಿರುಕು ಈ ವರ್ಷ ಇರಲ್ಲ, ಈ ವರ್ಷದ್ದು ಮುಂದಿನ ವರ್ಷ ಇರಲ್ಲ. ನೀನೇ ನನಗೆ ಕಲಿಸಿದ್ದು. ಕೋಲಿಂದ ತಡಕದೆ ಒಂದು ಹೆಜ್ಜೆ ಇಡಬೇಡ ಅಂತ ನನ್ನ ತಲೆ ಮೇಲೆ ಕುಟ್ಟಿ ಹೇಳಿದೋನು ನೀನು. ಇವತ್ತು ನೀನು ಒಂದು ಸಲವೂ ತಡಕಲಿಲ್ಲ.”

“ದೂರದರ್ಶಕದಲ್ಲಿ ನೋಡಿದ್ದೆ.”

“ಹಿಮದಡಿ ಇರೋದು ದೂರದರ್ಶಕದಲ್ಲಿ ಕಾಣ್ಸತ್ತಾ? ಹಾಗಾದ್ರೆ ಸಂತೆಗೆ ತಗೊಂಡು ಹೋಗು, ಒಳ್ಳೇ ಬೆಲೆ ಬರತ್ತೆ.”

ಅವನು ನಗಲಿಲ್ಲ. ನಾನು ಜೇಬಿನಿಂದ ಚೌಕಳಿ ಬಟ್ಟೆಯ ಎಳೆ ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ಗಾಳಿಗೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ.

“ಒಂದು ಕೋಲು ಮುರಿದು ಉಳಿದುಬಿಟ್ಟಿದೆ. ನಿನ್ನ ನಾಲಿಗೆ ಸುಳ್ಳು ಹೇಳ್ತು ತಿಯೋಡುಲ್. ಕಾಲಿಗೆ ಬರಲಿಲ್ಲ.”

ಅವನು ಶಿಲುಬೆಗೆ ಬೆನ್ನು ಕೊಟ್ಟು ನಿಧಾನವಾಗಿ ಕುಳಿತ. ಎಪ್ಪತ್ತು ದಾಟಿದವನು ಆ ಕುಳಿತ ರೀತಿಯಲ್ಲಿ ಮೊದಲ ಸಲ ಮುದುಕನಂತೆ ಕಂಡ.

“ಕಿತ್ತದ್ದು ನಾನೇ,” ಎಂದ.

ಅವನ ಮುಂದಿನ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ.

“ನಾನೊಬ್ಬನೇ ಅಲ್ಲ. ನಾನು ಮತ್ತೆ ಪಿರ್ಮಿನ್.”

“ಸತ್ತವನ ತಲೆಗೆ ಕಟ್ಟಬೇಡ.”

“ಕೇಳು ಮೊದಲು. ಇಷ್ಟು ವರ್ಷ ಈ ದಾರೀಲಿ ಕೋಲು ನೆಟ್ಟೋನು ಪಿರ್ಮಿನ್. ಸಂಘದೋರು ಒಂದು ಮಾತೂ ಕೇಳದೆ ಈ ವರ್ಷ ಆ ಹುಡುಗನಿಗೆ ಕೊಟ್ರು. ನಿನ್ನ ತಮ್ಮ ನಿನಗೆ ಹೇಳ್ಕೊಳ್ಳಲಿಲ್ಲ, ನನ್ನ ಹತ್ರ ಬಂದು ಅತ್ತ. ಗಂಡಸು, ಐವತ್ತೆಂಟು ವರ್ಷದೋನು, ನನ್ನ ಮನೆ ಹಿತ್ತಿಲಲ್ಲಿ ನಿಂತು ಅತ್ತ ಕಣೆ. ‘ಒಂದೇ ದಿನದ ಆಟ, ತಿಯೋಡುಲ್’ ಅಂದ. ‘ಕೋಲು ಬದಲಾಯಿಸಿ ಇಡೋಣ. ನಾಳೆ ಬಿರುಗಾಳಿ ಬರೋ ಸೂಚನೆ, ಯಾರೂ ಹತ್ತಲ್ಲ. ಬೆಳಗ್ಗೆ ಗಾಳಿ ಏಳೋ ಮುಂಚೆ ಸಂಘದೋರನ್ನ ಕರ್ಕೊಂಡು ಬಂದು ತೋರಿಸ್ತೀನಿ, ನೋಡಿ ನಿಮ್ಮ ಹೊಸಬ ಬಿರುಕಿನ ಮೇಲೇ ದಾರಿ ಮಾಡಿದಾನೆ ಅಂತ.’ ಅಷ್ಟೇ. ಯಾರಿಗೂ ಕೂದಲು ಕೊಂಕೋ ಮಾತಿರಲಿಲ್ಲ.”

“ಕಮಿಲ್‌ನ ಹೆಸರು ಹಾಳಾಗೋದು ಕೂದಲು ಕೊಂಕಿದ ಹಾಗಲ್ವಾ?”

ನನ್ನ ಕಣ್ಣ ಮುಂದೆ ಪಿರ್ಮಿನ್ ಬಂದ. ಕಮಿಲ್‌ಗೆ ಮೊದಲ ಬೂಟು ಕೊಡಿಸಿದವನು. ಕೋಲು ನೆಡುವ ಕೆಲಸ ಸಿಕ್ಕಿತೆಂದು ಹುಡುಗ ಓಡಿ ಬಂದಾಗ ವೈನ್ ಬಾಟಲಿ ತೆರೆದು, “ನನ್ನ ಭಾರ ಇಳಿಸಿದೆ ಮಗನೇ,” ಎಂದು ಅಪ್ಪಿಕೊಂಡವನು. ಆ ವೈನನ್ನು ನಾನೂ ಕುಡಿದಿದ್ದೆ. ಒಳ್ಳೆಯ ವೈನು.

“ಮತ್ತೆ ನೀನು,” ಎಂದೆ. ಧ್ವನಿ ಏರದಂತೆ ನೋಡಿಕೊಂಡೆ. “ನೀನು ಅವನ ಪೆಟ್ಟಿಗೆಗೆ ಹೆಗಲು ಕೊಟ್ಟೆ. ನನ್ನ ಅಂಗಳದಲ್ಲಿ ಸೌದೆ ಒಡೆದು ಜೋಡಿಸಿಟ್ಟೆ. ನನ್ನ ಅಡುಗೆಮನೇಲಿ ಆ ಹುಡುಗನ ಎದುರೇ ಕೂತು ಸೂಪ್ ಕುಡಿದೆ. ಅವನು ತಟ್ಟೆಗೆ ರೊಟ್ಟಿ ಮುರಿದು ಹಾಕಿ ಕೊಟ್ಟ ನಿನಗೆ. ಅದು ಹೇಗೆ ಇಳೀತು ತಿಯೋಡುಲ್?”

“ಇಳೀಲಿಲ್ಲ.”

“ಖಾಲಿ ಮಾಡಿದೆಯಲ್ಲ.”

“ಮಾಡ್ದೆ. ಇಳೀಲಿಲ್ಲ.”

ಕೆಳಗೆ ಹಿಮನದಿ ಬಿಸಿಲಿಗೆ ಹೊಳೆಯತೊಡಗಿತ್ತು. ಹೊತ್ತೇರಿದಂತೆ ಬಿರುಕುಗಳ ಮೇಲಿನ ಹಿಮ ಮೆತ್ತಗಾಗುತ್ತದೆ. ಬೆಳಗ್ಗೆ ನಮ್ಮನ್ನು ಹೊತ್ತದ್ದು ಮಧ್ಯಾಹ್ನ ಹೊರುವುದಿಲ್ಲ. ನಮಗೆ ಹೆಚ್ಚು ಸಮಯವಿರಲಿಲ್ಲ.

“ಸೋಮವಾರ ಬಂದು ಇಷ್ಟನ್ನೂ ಹೇಳು,” ಎಂದೆ. “ಪಿರ್ಮಿನ್‌ನ ಹೆಸರಿಗೆ ಮಸಿ ಹತ್ತಿದರೆ ಹತ್ತಲಿ. ನಾನು ತಡ್ಕೋತೀನಿ. ಹುಡುಗನ ಮೇಲಿನ ಆರೋಪ ಹೋಗಬೇಕು.”

“ಹೇಳಬಹುದು. ಆದ್ರೆ ನೀನು ಪೊಲೀಸ್ ಕೆಲಸ ಮಾಡಿದೋಳು. ಒಂದು ಸಲ ಪೊಲೀಸಿನ ತಲೆ ಇಟ್ಕೊಂಡು ಯೋಚಿಸು ವಿಕ್ಟೋರಿನ್.” ಅವನು ಮೊದಲ ಬಾರಿ ನನ್ನ ಕಣ್ಣನ್ನು ನೇರ ನೋಡಿದ. “ಕೋಲು ಎಲ್ಲೆಲ್ಲಿದೆ ಅಂತ ಪಿರ್ಮಿನ್‌ಗೆ ಗೊತ್ತಿತ್ತು. ನನ್ನ ಜೊತೆ ನಿಂತು ನೆಟ್ಟೋನು ಅವನೇ. ಬಿರುಕಿನ ಬಾಯಿ ಎಲ್ಲಿ ಶುರು, ಎಲ್ಲಿ ಮುಗಿಯತ್ತೆ ಅಂತ ಕೋಲಲ್ಲಿ ಅಳೆದು ನೋಡಿದೋನು. ಅಂಥೋನು ಮಾರನೇ ದಿನ ಬಂದು ಅದರ ಮೇಲೇ ಕಾಲಿಟ್ಟನಾ?”

ಗಾಳಿ ಒಮ್ಮೆ ನಿಂತ ಹಾಗಾಯಿತು.

ದುಃಖ ನನ್ನ ವಿದ್ಯೆಯನ್ನೆಲ್ಲ ತಿಂದುಹಾಕಿತ್ತು. ಕೋಲು ಸರಿಸಿದವರು ಯಾರು ಎಂದಷ್ಟೇ ಹುಡುಕುತ್ತ ಬಂದಿದ್ದೆ. ಸರಿಸಿದವನೇ ಸತ್ತವನಾದರೆ, ಆ ಸಾವು ಆಕಸ್ಮಿಕವಾಗುವುದು ಹೇಗೆ?

“ಅವನು ಒಬ್ಬನೇ ಇರಲಿಲ್ಲ,” ಎಂದ ತಿಯೋಡುಲ್. “ಆ ಬೆಳಗ್ಗೆ ನಾನು ಕಿಟಕೀಲಿ ಕೂತಿದ್ದೆ. ಗಾಳಿ ಬರೋಕೆ ಮುಂಚೆ. ಇಬ್ಬರು ಒಂದೇ ಹಗ್ಗದಲ್ಲಿ ಹತ್ತಿದ್ರು. ಇಳಿದು ಬಂದೋನು ಒಬ್ಬ.”

“ಪಿರ್ಮಿನ್‌ನ ಮೈಮೇಲೆ ಹಗ್ಗ ಇರಲಿಲ್ಲ.”

“ಜೊತೆಗಿದ್ದೋನು ಬಿಚ್ಚಿಕೊಂಡು ಹೋದ್ರೆ ಹೇಗಿರತ್ತೆ?”

“ಯಾರು?”

ಅವನು ಕೆಳಗಿನ ಕಣಿವೆಯತ್ತ ನೋಡಿದ. ನಮ್ಮ ಮನೆಗಳಿರುವ ಕಡೆಗೆ.

“ಆ ನಡಿಗೆ ನನಗೆ ಗೊತ್ತಿಲ್ವಾ? ನಡೆಯೋದು ಕಲಿಸಿದೋನು ನಾನು. ನಿನ್ನ ಮನೇಲೇ ಇದಾನೆ ಕಣೆ. ನಾನು ಸೋಮವಾರ ಬಾಯಿ ಬಿಟ್ರೆ ಕೋಲಿನ ಆರೋಪ ಬಿದ್ದುಹೋಗತ್ತೆ, ಕೊಲೆ ಆರೋಪ ಎದ್ದು ನಿಲ್ಲತ್ತೆ. ಅದಕ್ಕೇ ಸುಳ್ಳು ಹೇಳ್ದೆ. ಅಜಾಗರೂಕತೆ ಅಂತಾದ್ರೆ ಹುಡುಗ ಹೇಗೋ ಬದುಕಿಕೊಳ್ತಾನೆ ಅಂತ. ಈಗ ನೀನೇ ಹೇಳು. ಬಾಯಿ ಬಿಡ್ಲಾ, ಬೇಡ್ವಾ?”

ಆ ದಿನ ಕೆಳಗಿನ ಊರಿಗೆ ಬೂಟು ರಿಪೇರಿಗೆ ಹೋಗಿದ್ದೆನೆಂದು ಕಮಿಲ್ ನನಗೆ ಹೇಳಿದ್ದ. ನಾನು ಮರುಪ್ರಶ್ನೆ ಹಾಕಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಚಮ್ಮಾರನನ್ನು ಹೋಗಿ ವಿಚಾರಿಸುತ್ತಿದ್ದೆ.

ನಾನು ಶಿಲುಬೆಯ ಆಚೆ ಬದಿಗೆ ಹೋಗಿ ಫೋನ್ ತೆಗೆದೆ. ತುದಿಯಲ್ಲಿ ಯಾವಾಗಲೂ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ತಿಯೋಡುಲ್ ಏಳಲಿಲ್ಲ, ಹಗ್ಗವನ್ನು ಮಡಿಲಿಗೆ ಹಾಕಿಕೊಂಡು ಗಂಟು ಬಿಡಿಸುತ್ತ ಕುಳಿತ.

“ಅತ್ತೆ!” ಕಮಿಲ್‌ನ ಧ್ವನಿಯಲ್ಲಿ ಖುಷಿಯಿತ್ತು. “ಸಲೋಮೆ ಅತ್ತೆ ಹತ್ರ ಚೆನ್ನಾಗಿ ನಿದ್ದೆ ಬಂತಾ? ಇಲ್ಲಿ ನಿಮ್ಮ ಜೆರೇನಿಯಂ ಗಿಡಕ್ಕೆ ನೀರು ಹಾಕ್ದೆ. ಬೆಕ್ಕು ನನ್ನ ಮೇಲೆ ಮುನಿಸ್ಕೊಂಡಿದೆ, ಹಾಲು ತಣ್ಣಗಿತ್ತಂತೆ. ಸಂಜೆಗೆ ಬಾರ್ಲಿ ಸೂಪ್ ಮಾಡ್ಲಾ?”

ತಂಗುಮನೆಯಲ್ಲಿ ಒಂದು ರಾತ್ರಿ ಸಲೋಮೆಯ ಜೊತೆ ಇದ್ದು ಬರುತ್ತೇನೆ ಎಂದಷ್ಟೇ ಅವನಿಗೆ ಹೇಳಿ ಬಂದಿದ್ದೆ. ಹಿಮನದಿಗೆ ಹೋಗುವ ವಿಷಯ ಹೇಳಿದರೆ ಇಲ್ಲದ ಆಸೆ ಹುಟ್ಟಿಸಿದ ಹಾಗಾಗುತ್ತದೆಂದು.

“ಕಮಿಲ್, ಒಂದೇ ಮಾತು. ಪಿರ್ಮಿನ್ ಸತ್ತ ದಿನ ನೀನು ಹಿಮದ ಮೇಲೆ ಹೋಗಿದ್ದೆಯಾ?”

ಆಚೆ ಕಡೆ ನಲ್ಲಿಯ ನೀರು ಬೀಳುವ ಸದ್ದು. ಅವನು ನಲ್ಲಿ ನಿಲ್ಲಿಸಿದ.

“ಹೇಳಪ್ಪ.”

“ಹೋಗಿದ್ದೆ ಅತ್ತೆ.”

ನನ್ನ ಹಣೆ ತಾನಾಗಿ ಶಿಲುಬೆಯ ಮರಕ್ಕೆ ಒರಗಿತು. ಮರ ಬಿಸಿಲಿಗೆ ಬೆಚ್ಚಗಾಗಿತ್ತು. ತಮ್ಮ, ಗೆಳೆಯ, ಈಗ ಇವನು. ಒಂದೇ ಬೆಳಗಿನಲ್ಲಿ.

“ನನಗ್ಯಾಕೆ ಸುಳ್ಳು ಹೇಳ್ದೆ?”

“ಹೇಳ್ತೀನಿ, ಎಲ್ಲಾ ಹೇಳ್ತೀನಿ, ನೀವು ಮನೆಗೆ ಬನ್ನಿ. ನಿಮಗೆ ಯಾರು ಹೇಳಿದ್ದು ಇದನ್ನ? ಅತ್ತೆ... ಅಲ್ಲಿ ಗಾಳಿ ಜೋರಾಗಿದೆ. ಎಲ್ಲಿದೀರಿ ನೀವು?”

“ಟೆಲ್ಲಿಹಾರ್ನ್ ತುದೀಲಿ.”

“ಯಾರ ಜೊತೆ?”

“ತಿಯೋಡುಲ್ ಜೊತೆ.”

ಇಷ್ಟು ದಿನ ಪೊಲೀಸರು ಕೂಗಿದಾಗಲೂ, ಊರವರು ಅಂಗಡಿಯಲ್ಲಿ ಮುಖ ತಿರುಗಿಸಿದಾಗಲೂ ಆ ಹುಡುಗನ ದನಿ ನಡುಗಿರಲಿಲ್ಲ. ಈಗ ನಡುಗಿತು.

“ಅವರು ಎಷ್ಟು ಜನ ಅಂದ್ರು? ಆ ದಿನ ಹಗ್ಗದಲ್ಲಿ?”

“ಇಬ್ಬರು ಅಂದ.”

“ಮೂವರಿದ್ವಿ ಅತ್ತೆ. ನಾನು ಮುಂದೆ. ಪಿರ್ಮಿನ್ ಮಾಮ ನಡುವೆ. ಹಿಂದಿನ ತುದೀಲಿ ತಿಯೋಡುಲ್ ಅವರು.” ಅವನು ಉಸಿರೆಳೆದುಕೊಂಡ. “ಅವರ ಹಗ್ಗ ಕಟ್ಕೊಂಡು ಇಳೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಈಗಲೇ ಹೊರಟು ಬರ್ತೀನಿ, ಅಲ್ಲೇ ಇರಿ.”

ಅವನು ಬರಲು ಸಂಜೆಯಾಗುತ್ತದೆ. ಸಂಜೆಗೆ ಈ ಹಿಮ ಯಾರನ್ನೂ ಹೊರುವುದಿಲ್ಲ, ಮೇಲೆ ಬರುವವನನ್ನೂ.

ನನ್ನ ಬೆನ್ನ ಹಿಂದೆ ಬೂಟಿನ ಮುಳ್ಳುಗಳು ಹಿಮವನ್ನು ಕಚ್ಚುವ ಸದ್ದಾಯಿತು. ಹತ್ತಿರ ಬಂತು.

“ಸೂಪ್ ಮಾಡು,” ಎಂದೆ ಫೋನಿಗೆ, ಏನೂ ಆಗದವಳ ಹಾಗೆ. “ಮನೇಲೇ ಇರು.” ಕರೆ ಕತ್ತರಿಸಿದೆ.

ತಿರುಗಿದೆ. ತಿಯೋಡುಲ್ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಗಾಳಿಗೋ, ಅತ್ತೋ, ತಿಳಿಯಲಿಲ್ಲ. ಅವನು ಕೇಳಿಸಿಕೊಂಡನೋ ಇಲ್ಲವೋ, ಅದೂ ತಿಳಿಯಲಿಲ್ಲ.

“ಬಾ ಕಣೆ,” ಎಂದ. “ಬಿಸಿಲೇರ್ತಿದೆ. ಇಳಿಯುವಾಗ ನೀನು ಮುಂದೆ, ನಾನು ಹಿಂದೆ.”

ನನ್ನ ಬೆರಳು ಮರಗಟ್ಟಿರುವುದನ್ನು ಅವನು ಗಮನಿಸಿದ್ದ. ಗಂಟನ್ನು ತಾನೇ ಹಾಕಿ, ಕೊಂಡಿಯ ಬಾಯನ್ನು ಹೆಬ್ಬೆರಳಿನಿಂದ ತೆರೆದು, ನನ್ನ ಸೊಂಟದ ಪಟ್ಟಿಯ ಎತ್ತರಕ್ಕೆ ಹಿಡಿದುಕೊಂಡು ಕಾಯುತ್ತಿದ್ದ.